ತೂಬು ಎತ್ತುವವರು ಯಾರು?

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ನೋಡಿದೆ. ಕೆರೆ ಹೂಳೆತ್ತಲು ಮನೆಗೆ 2,000 ರೂಪಾಯಿ ಯಾಕೆ, ಅದು ಸರ್ಕಾರದ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ದುಡ್ಡಿನ ಮಾತು ಆಮೇಲೆ. ಹೂಳು ತೆಗೆದ ಮೇಲೆ ತೂಬು, ಅಂದರೆ ಕೆರೆ ನೀರನ್ನು ಕಾಲುವೆಗೆ ಬಿಡುವ ಬಾಗಿಲು, ಎತ್ತುವವರು ಯಾರು? ಗ್ರೂಪಿನಲ್ಲಿ ಇದನ್ನು ಯಾರೂ ಕೇಳಲಿಲ್ಲ. ನಮ್ಮ ಕೋಲಾರದ ಕಡೆ ವರ್ಷಪೂರ್ತಿ ಹರಿಯುವ ಒಂದು ಹೊಳೆಯೂ ಇಲ್ಲ. ಆದರೂ ಹಿಂದಿನವರು ಕೆರೆ ನಂಬಿ ಭತ್ತ ಬೆಳೆದರು. ಯಾಕೆಂದರೆ ಕೆರೆ ನೀರು ಹಂಚಲು ನೀರುಗಂಟಿ ಇದ್ದರು. ತಾತ ಹೇಳುತ್ತಿದ್ದರಲ್ಲ, ರಾತ್ರಿ ಲಾಟೀನು ಹಿಡಿದು, ಹೆಗಲಿಗೆ ಸಲಿಕೆ ಹಾಕಿಕೊಂಡು ಕಾಲುವೆ ಉದ್ದಕ್ಕೂ ನಡೆಯುತ್ತಿದ್ದರಂತೆ. ಒಂದು ಗದ್ದೆ ತುಂಬಿದರೆ ಬದುವಿನ ಬಾಯಿಗೆ ಎರಡು ಸಲಿಕೆ ಮಣ್ಣು, ನೀರು ಪಕ್ಕದ ಗದ್ದೆಗೆ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಗದ್ದೆಗಳ, ಅರ್ಧಕ್ಕೇ ನಾಟಿ. ಸುಗ್ಗಿಯಲ್ಲಿ ಕಣದಿಂದ ಅವರ ಪಾಲಿನ ಕಾಳು ಹೋಗುತ್ತಿತ್ತು. ಇಡೀ ಊರಿನ ನೀರು ಅವರ ಕೈಗೆ ಕೊಟ್ಟು, ಜಾತಿ ನೋಡಿ ನಮ್ಮ ಬಾವಿ ಮಾತ್ರ ಮುಟ್ಟಬೇಡಿ ಅಂದೆವು. ಅದು ತಪ್ಪು. ಈಗ ನೀರುಗಂಟಿ ಇಟ್ಟರೆ ತಿಂಗಳ ಸಂಬಳವೂ ಬೇಕು, ಕೆರೆ ಸಮಿತಿಯಲ್ಲಿ ಕುರ್ಚಿಯೂ ಬೇಕು.

ಬೋರ್ ಬಂದ ಮೇಲೆ ಕಾಲುವೆ ಕಡೆ ನೋಡುವವರೇ ಇಲ್ಲವಾದರು. ಏನಾಯಿತು? ನಮ್ಮದು 1,200 ಅಡಿ ಹೋಗಿ ಬರೀ ಧೂಳು. ಬೋರ್ ಲಾರಿ ಪಕ್ಕ ನಿಂತಿದ್ದ ಅಪ್ಪನ ಹುಬ್ಬಿನ ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ನನಗೆ ಅದು ಮರೆಯುವುದಿಲ್ಲ.

ಮಹಾರಾಷ್ಟ್ರದಲ್ಲಿ ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಹತ್ತಿರ ಹಿವರೆ ಬಜಾರ್ ಅಂತ ಊರಿದೆ. ಮಳೆ ನಮಗಿಂತ ಕಡಿಮೆ. 1989ರಲ್ಲಿ ಪೋಪಟ್‌ರಾವ್ ಪವಾರ್ ಅಲ್ಲಿ ಸರಪಂಚರಾದರು, ನಮ್ಮಲ್ಲಿ ಪಂಚಾಯಿತಿ ಅಧ್ಯಕ್ಷರು ಇದ್ದ ಹಾಗೆ. ಬದು ಹಾಕಿದರು, ಗಿಡ ನೆಟ್ಟರು, ಅದು ಸರಿ. ನನಗೆ ಜಾಸ್ತಿ ಇಷ್ಟವಾದದ್ದು ಅವರ ಲೆಕ್ಕ. ಮಳೆಗಾಲ ಮುಗಿದ ಮೇಲೆ ಗ್ರಾಮಸಭೆಯಲ್ಲಿ ಕೂತು ನೀರಿನ ಬಜೆಟ್ ಮಾಡುತ್ತಾರೆ. ಮೊದಲು ಜನ, ದನಕ್ಕೆ. ಉಳಿದದ್ದು ಎಷ್ಟೋ ಅಷ್ಟಕ್ಕೆ ಬೆಳೆ. ಕಬ್ಬು, ಬಾಳೆ ಇಲ್ಲ. ಬೇಸಾಯಕ್ಕೆ ಬೋರ್ ಇಲ್ಲ. ಎಲ್ಲರೂ ಒಪ್ಪಿದ್ದು, ಹಾಗಾಗಿ ನಡೆಯುತ್ತಿದೆ.

ಇನ್ನು ನಿಮ್ಮ 2,000. ದುಡ್ಡು ಕೊಟ್ಟವರು ಪ್ರಶ್ನೆ ಕೇಳುತ್ತಾರೆ ಚಿಕ್ಕಪ್ಪ. ಜೆಸಿಬಿ ಎಷ್ಟು ಗಂಟೆ ಓಡಿತು, ಕೆರೆಯಿಂದ ತೆಗೆದ ಗೋಡು ಮಣ್ಣು ಯಾರ ಹೊಲಕ್ಕೆ ಹೋಯಿತು, ಎಲ್ಲಾ ಕೇಳುತ್ತಾರೆ. ಸುಮ್ನೆ ಬಂದ ಕೆಲಸಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಕೊಡಲು ಆಗದವರು ನಾಲ್ಕು ದಿನ ಕಾಲುವೆ ಕೆಲಸಕ್ಕೆ ಬರಲಿ, ಅದೂ ದುಡ್ಡೇ.

ಶನಿವಾರ ರಾತ್ರಿ ಬಸ್ಸಿಗೆ ನಾನು ಹೊರಡುತ್ತೇನೆ. ಭಾನುವಾರ ಕೆರೆ ಏರಿ ಮೇಲೆ ಸೇರೋಣ. ನೀರುಗಂಟಿ ಮನೆಯ ತಾತ ಇನ್ನೂ ಗಟ್ಟಿಯಾಗಿದ್ದಾರೆ, ಯಾವ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ಅವರಿಗೆ ಗೊತ್ತು. ಹುಡುಗರ ಕೈಲಿ ಹೇಳಿ ಕಳಿಸಬೇಡಿ. ನೀವೇ ಅವರ ಮನೆಗೆ ಹೋಗಿ ಕರೆಯಿರಿ.