ಫೋನಿಗೂ ಕಂಪ್ಯೂಟರಿಗೂ ಯಾವ ಮೇಲ್ ಒಳ್ಳೆಯದು? ಹಳೆಯ ಪತ್ರ ಕಳೆದುಹೋಗಬಾರದು

ಪೆರ್ಲದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಕನ್ನಡ ಮಾಧ್ಯಮ ಶಾಲೆಯಲ್ಲಿ 28 ವರ್ಷ ಟೀಚರ್ ಆಗಿದ್ದೆ. ಈಗ ನಿವೃತ್ತಿಯಾಗಿದೆ. ಊರಿನ ವಾಚನಾಲಯದ ಪತ್ರವ್ಯವಹಾರ ನನ್ನ ಕೈಯಲ್ಲಿ ಉಂಟು. ಮೇಲ್ ವಿಷಯದಲ್ಲಿ ಒಂದು ಸಲಹೆ ಬೇಕು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮದು ಗಡಿ ಊರು. ಅರ್ಜಿ ಹೋಗುವುದು ತಿರುವನಂತಪುರಕ್ಕೆ, ವಾಚನಾಲಯದ ಪುಸ್ತಕ ಬರುವುದು ಬೆಂಗಳೂರಿನಿಂದ. ಪಾಠಪುಸ್ತಕ ಇನ್ನೂ ಬಂದಿಲ್ಲ, ಸುತ್ತೋಲೆ ಮಲಯಾಳದಲ್ಲಿ ಮಾತ್ರ ಉಂಟು, ಕನ್ನಡದಲ್ಲೂ ಕೊಡಿ. ಇಂಥ ಪತ್ರಗಳನ್ನು ವರ್ಷಗಟ್ಟಲೆ ಬರೆದಿದ್ದೇನೆ. "ನೀವು ಯಾವಾಗ ಕೇಳಿದ್ದು?" ಎಂದರೆ ತೋರಿಸಲಿಕ್ಕೆ ಇರುವುದು ಆ ಮೇಲ್ ಮತ್ತು ಅದರ ತಾರೀಕು. ನಮಗೆ ಬೇರೆ ದಾಖಲೆ ಇಲ್ಲ.

2009ರಿಂದ 2016ರವರೆಗಿನದ್ದು ಪೂರ್ತಿ ಹೋಯಿತು. ಬ್ರಾಡ್‌ಬ್ಯಾಂಡ್ ಕನೆಕ್ಷನ್ ಜೊತೆ ಸಿಕ್ಕಿದ ವಿಳಾಸ ಅದು. ಬಂದ ಮೇಲ್ ಎಲ್ಲ ಮನೆಯ ಕಂಪ್ಯೂಟರಿಗೆ ಇಳಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಸಿಡಿಲಿಗೆ ಹಾರ್ಡ್ ಡಿಸ್ಕ್ ಸುಟ್ಟಿತು. ಇಂಟರ್ನೆಟ್ಟಿನಲ್ಲಿ ಇರಬಹುದಲ್ವಾ ಎಂದು ನೋಡಿದರೆ ಅಲ್ಲಿ ಒಂದು ಪತ್ರವೂ ಇರಲಿಲ್ಲ. ಆಮೇಲೆ ಕನೆಕ್ಷನ್ ಬದಲಾಯಿಸಿದಾಗ ವಿಳಾಸವೂ ಹೋಯಿತು. ಆ ದಿನ ಕೂತು ಅತ್ತಿದ್ದೇನೆ.

ಈಗ ಜಿಮೇಲ್ ಉಂಟು. ಆಂಡ್ರಾಯ್ಡ್ ಫೋನ್ ಉಂಟು, ವಿಂಡೋಸ್ ಕಂಪ್ಯೂಟರ್ ಉಂಟು. ನನಗೆ ಬೇಕಾದದ್ದು ಇಷ್ಟೆ. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲೂ ಕಾಣಬೇಕು. ನೆಟ್ ಇಲ್ಲದಾಗಲೂ ಹಳೆಯ ಪತ್ರ ತೆರೆಯಬೇಕು. ಜೂನ್ ಬಂದರೆ ನಮ್ಮಲ್ಲಿ ಎರಡೆರಡು ದಿನ ನೆಟ್ ಇರುವುದಿಲ್ಲ. ಮತ್ತೆ, ನನ್ನ ನಂತರ ವಾಚನಾಲಯ ನೋಡುವವರಿಗೆ ಈ ಪತ್ರಗಳು ಸಿಗಬೇಕು. ಜಿಮೇಲ್ ಸಾಕಾ? ಪ್ರೋಟಾನ್, ಜೋಹೊ ಎಂದೆಲ್ಲ ಹೇಳುತ್ತಾರೆ. ಯಾವ ಆ್ಯಪ್ ಹಾಕಲಿ?

ಕುಂಬಳೆಯ ಡಿಟಿಪಿ ಅಂಗಡಿಯವರು:

ಟೀಚರ್, ನಮಸ್ಕಾರ. ನಾನೂ ಕನ್ನಡ ಮಾಧ್ಯಮದಲ್ಲೇ ಕಲಿತವನು. ನಿಮ್ಮ ಪತ್ರ ಓದಿ ಬೇಜಾರಾಯಿತು.

ನಿಮ್ಮ ಹಳೆಯ ಮೇಲ್ ಹೋದದ್ದು ಪಾಪ್ ಎಂಬ ವ್ಯವಸ್ಥೆಯಿಂದ ಇರಬೇಕು. ಶಾಲೆಯ ಹಾಜರಿ ಪುಸ್ತಕ ನೆನಪು ಮಾಡಿಕೊಳ್ಳಿ. ಸರ್ವರ್, ಅಂದರೆ ಮೇಲ್ ಕಂಪನಿಯ ಕಂಪ್ಯೂಟರ್, ಶಾಲೆಯ ಆಫೀಸು ಇದ್ದ ಹಾಗೆ. ಪಾಪ್ ಅಂದರೆ ಪುಸ್ತಕವನ್ನೇ ಮನೆಗೆ ತೆಗೆದುಕೊಂಡು ಹೋದ ಹಾಗೆ. "ಸರ್ವರಿನಲ್ಲೂ ಇರಲಿ" ಎಂದು ಟಿಕ್ ಹಾಕದಿದ್ದರೆ ಆಫೀಸಿನಲ್ಲಿ ಏನೂ ಉಳಿಯುವುದಿಲ್ಲ. ಐಮ್ಯಾಪ್ ಅಂದರೆ ಪುಸ್ತಕ ಆಫೀಸಿನಲ್ಲೇ ಇರುತ್ತದೆ, ಯಾರು ಎಲ್ಲಿಂದ ನೋಡಿದರೂ ಅದೇ ಪುಟ. ಫೋನಿನಲ್ಲಿ ಓದಿದ್ದು ಕಂಪ್ಯೂಟರಿನಲ್ಲಿ ಕಾಣಬೇಕಾದರೆ ಐಮ್ಯಾಪೇ ಆಗಬೇಕು.

ಕಂಪ್ಯೂಟರಿಗೆ ಥಂಡರ್‌ಬರ್ಡ್ ಎಂಬ ಮೇಲ್ ಆ್ಯಪ್ ಹಾಕಿ. ದುಡ್ಡಿಲ್ಲ, ಜಾಹೀರಾತಿಲ್ಲ, 2004ರಿಂದ ಉಂಟು. ಜಿಮೇಲ್ ವಿಳಾಸ ಕೊಟ್ಟರೆ ಗೂಗಲಿನದ್ದೇ ಲಾಗಿನ್ ಪುಟ ತೆರೆಯುತ್ತದೆ. ಖಾತೆಯ ಸೆಟ್ಟಿಂಗಿನಲ್ಲಿ ಪತ್ರಗಳನ್ನು ಈ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಆಯ್ಕೆ ಇರುತ್ತದೆ, ಅದಕ್ಕೆ ಟಿಕ್ ಇದೆಯಾ ನೋಡಿ. ಆಮೇಲೆ ನೆಟ್ ಇಲ್ಲದಿದ್ದರೂ ಓದಬಹುದು. ಫೋನಿಗೂ ಥಂಡರ್‌ಬರ್ಡ್ ಬಂದಿದೆ, 2024ರ ಅಕ್ಟೋಬರಿನಲ್ಲಿ. ಮೊದಲಿದ್ದ ಕೆ-9 ಮೇಲ್ ಎಂಬ ಆ್ಯಪನ್ನೇ ಬೆಳೆಸಿ ಮಾಡಿದ್ದು.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಐಮ್ಯಾಪ್ ಅಂದರೆ ಬ್ಯಾಕಪ್ ಅಲ್ಲ. ಫೋನಿನಲ್ಲಿ ಕೈತಪ್ಪಿ ಅಳಿಸಿದರೆ ಕಂಪ್ಯೂಟರಿನಲ್ಲೂ ಹೋಗುತ್ತದೆ. ಅದಕ್ಕೆ ಥಂಡರ್‌ಬರ್ಡಿನಲ್ಲಿ ಕೆಳಗೆ ಲೋಕಲ್ ಫೋಲ್ಡರ್ಸ್ ಎಂದು ಉಂಟಲ್ಲ, ಅಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ. ಜಿಮೇಲಿನ ಆಲ್ ಮೇಲ್‌ನಲ್ಲಿ ಬಂದದ್ದು, ಕಳಿಸಿದ್ದು ಎರಡೂ ಇರುತ್ತವೆ. ಅಲ್ಲಿಂದ ಆಯಾ ವರ್ಷದ ಪತ್ರ ಆರಿಸಿ ಕಾಪಿ ಮಾಡಿ. ಮೌಸಿನಿಂದ ಎಳೆದು ಹಾಕಬೇಡಿ, ಎಳೆದರೆ ಪತ್ರವೇ ಜಾಗ ಬದಲಾಯಿಸುತ್ತದೆ. ರೈಟ್ ಕ್ಲಿಕ್ ಮಾಡಿ ಕಾಪಿ ಆಯ್ಕೆಯನ್ನೇ ಒತ್ತಿ. ಮತ್ತೆ ಥಂಡರ್‌ಬರ್ಡ್ ಮುಚ್ಚಿ, ಅದರ ಪ್ರೊಫೈಲ್ ಫೋಲ್ಡರನ್ನು (ಪತ್ರ, ಸೆಟ್ಟಿಂಗ್ ಎಲ್ಲ ಇರುವುದು ಅದರಲ್ಲೇ) ಪೆನ್‌ಡ್ರೈವಿಗೆ ಹಾಕಿ. ಆ ಪೆನ್‌ಡ್ರೈವ್ ಕಂಪ್ಯೂಟರಿನಲ್ಲೇ ಸಿಕ್ಕಿಸಿ ಇಡಬಾರದು. ಸಿಡಿಲು ನಿಮಗೆ ಗೊತ್ತೇ ಉಂಟು.

ಹೊಸೂರಿನಿಂದ:

ಅಕ್ಕ, ಮೇಲಿನವರು ಆ್ಯಪ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ವಿಳಾಸದ ಬಗ್ಗೆ ಹೇಳುತ್ತೇನೆ. ಆ್ಯಪ್ ಬೇರೆ, ವಿಳಾಸ ಬೇರೆ. ಆ್ಯಪ್ ನಾಳೆ ಬದಲಾಯಿಸಬಹುದು. ವಿಳಾಸ ಬದಲಾದರೆ ಎಲ್ಲರಿಗೂ ಮತ್ತೆ ತಿಳಿಸಬೇಕು.

ನಮ್ಮ ಕನ್ನಡ ಸಂಘಕ್ಕೆ ನಾವು ಸ್ವಂತ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ತೆಗೆದುಕೊಂಡು ಜೋಹೊದಲ್ಲಿ ಮೇಲ್ ಇಟ್ಟಿದ್ದೇವೆ. ಚೆನ್ನೈ ಕಂಪನಿ. ಸ್ವಂತ ಡೊಮೇನ್ ಇದ್ದರೆ ಮುಂದೆ ಕಂಪನಿ ಬಿಟ್ಟರೂ ವಿಳಾಸ ನಮ್ಮ ಜೊತೆಗೇ ಬರುತ್ತದೆ. ಜೋಹೊದ ಉಚಿತ ಯೋಜನೆಯಲ್ಲಿ ಐಮ್ಯಾಪ್ ಇಲ್ಲ, ಅವರದೇ ಆ್ಯಪ್ ಅಥವಾ ಬ್ರೌಸರಿನಲ್ಲಿ ನೋಡಬೇಕು. ಥಂಡರ್‌ಬರ್ಡ್ ಬೇಕಾದರೆ ದುಡ್ಡು ಕೊಡಬೇಕು. ಡೊಮೇನಿಗೂ ವರ್ಷ ವರ್ಷ ಕಟ್ಟಬೇಕು, ಮರೆತರೆ ವಿಳಾಸ ಕೈತಪ್ಪುತ್ತದೆ. ಕಟ್ಟುವ ಜವಾಬ್ದಾರಿ ಹೊರುವವರು ಇದ್ದರೆ ಮಾತ್ರ ಮಾಡಿ.

ಇಲ್ಲದಿದ್ದರೆ ಜಿಮೇಲೇ ಸಾಕು. ನಿಮ್ಮ ಸ್ವಂತದ್ದು ಬೇಡ, ವಾಚನಾಲಯದ ಹೆಸರಿನಲ್ಲಿ ಬೇರೆ ತೆರೆಯಿರಿ. ಅಲ್ಲಿ ಸಿಗುವ 15 ಜಿಬಿ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ. ಫೋನಿನ ಫೋಟೋ ಆ ಖಾತೆಗೆ ಹೋಗದ ಹಾಗೆ ನೋಡಿಕೊಳ್ಳಿ, ಜಾಗ ತುಂಬಿದರೆ ಹೊಸ ಮೇಲ್ ಬರುವುದೇ ಇಲ್ಲ. ರಿಕವರಿಗೆ, ಅಂದರೆ ಪಾಸ್‌ವರ್ಡ್ ಮರೆತರೆ ಖಾತೆ ಮತ್ತೆ ತೆರೆಯಲಿಕ್ಕೆ, ಕೊಟ್ಟ ಫೋನ್ ನಂಬರನ್ನು ಕಾರ್ಯದರ್ಶಿ ಬದಲಾದ ದಿನವೇ ಬದಲಾಯಿಸಿ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, ಅದೂ ನೆನಪಿರಲಿ.

ಮಂಜೇಶ್ವರದಿಂದ:

ಪ್ರೋಟಾನ್ ನಾನು ಬಳಸುತ್ತೇನೆ, ಟೀಚರ್. ಸ್ವಿಟ್ಜರ್ಲೆಂಡಿನದು, ಗುಟ್ಟು ಕಾಯುವುದರಲ್ಲಿ ಒಳ್ಳೆಯದು. ಆದರೆ ಉಚಿತದಲ್ಲಿ 1 ಜಿಬಿ ಮಾತ್ರ. ಥಂಡರ್‌ಬರ್ಡಿಗೆ ಜೋಡಿಸುವ ಬ್ರಿಜ್ ದುಡ್ಡು ಕೊಟ್ಟವರಿಗೆ ಮಾತ್ರ. ನಿಮ್ಮದು ಎಲ್ಲರಿಗೂ ತೋರಿಸಬೇಕಾದ ಪತ್ರಗಳು. ನಿಮಗೆ ಅದು ಬೇಡ.

ನನಗೆ ಅನಿಸಿದ ಇನ್ನೊಂದು ವಿಷಯ. 2009ರ ಪತ್ರಗಳು ನಿಮ್ಮಲ್ಲಿ ಇಲ್ಲ, ಸರಿ. ಆದರೆ ನೀವು ಬರೆದದ್ದು ಇನ್ನೊಬ್ಬರಿಗೆ ಅಲ್ವಾ? ನೀವು ಯಾರಿಗೆ ಪ್ರತಿ ಕಳಿಸುತ್ತಿದ್ದಿರೋ ಆ ಸಹೋದ್ಯೋಗಿಗಳು ಇರಬಹುದು. ಅವರ ಇನ್‌ಬಾಕ್ಸಿನಲ್ಲಿ ಹುಡುಕಲಿಕ್ಕೆ ಹೇಳಿ. ಸಿಕ್ಕಿದರೆ ಸುಮ್ನೆ ಫಾರ್ವರ್ಡ್ ಮಾಡುವುದು ಬೇಡ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಅಟ್ಯಾಚ್‌ಮೆಂಟ್ ಆಗಿ ಫಾರ್ವರ್ಡ್ ಮಾಡಲಿ. ಆಗ ಮೂಲ ಪತ್ರ, ಮೂಲ ತಾರೀಕು ಹಾಗೇ ಬರುತ್ತದೆ.

ಪೆರ್ಲದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಚನಾಲಯಕ್ಕೆ ಬೇರೆ ಜಿಮೇಲ್ ಆಯಿತು. ಡೊಮೇನಿಗೆ ವರ್ಷ ವರ್ಷ ಕಟ್ಟುವುದು ನಮ್ಮಿಂದ ಆಗಲಿಕ್ಕಿಲ್ಲ, ಹಾಗಾಗಿ ಬೇಡ ಎಂದು ಸಮಿತಿಯಲ್ಲಿ ಮಾತಾಡಿಕೊಂಡೆವು. ಥಂಡರ್‌ಬರ್ಡ್ ಹಾಕಿದ್ದೇನೆ. ನಿನ್ನೆ ಸಂಜೆ ಗಾಳಿಮಳೆಗೆ ನೆಟ್ ಹೋಗಿತ್ತು. ಇನ್ವರ್ಟರಿನಲ್ಲಿ ಕಂಪ್ಯೂಟರ್ ಹಾಕಿ 2018ರ ಒಂದು ಪತ್ರ ಹುಡುಕಿದೆ, ಸಿಕ್ಕಿತು. ಎಷ್ಟು ಸಮಾಧಾನ ಆಯಿತು ಗೊತ್ತಾ!

ಮಂಜೇಶ್ವರದವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಬದಿಯಡ್ಕದಲ್ಲಿರುವ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. 2011ರಿಂದ ನಾನು ಪ್ರತಿ ಕಳಿಸಿದ 41 ಪತ್ರಗಳನ್ನು ಅವರು ಅಳಿಸದೆ ಇಟ್ಟಿದ್ದಾರೆ! ಎಲ್ಲ ಕಳಿಸಿಕೊಟ್ಟರು. ತಾರೀಕು ಸರಿಯಾಗಿ ಉಂಟು. ಆದರೆ ಆಗ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆಯುತ್ತಿದ್ದೆ. ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಕಾಣುತ್ತದೆ.

ಕುಂಬಳೆಯ ಡಿಟಿಪಿ ಅಂಗಡಿಯವರು:

ಹೆದರಬೇಡಿ ಟೀಚರ್, ಅಕ್ಷರ ಹಾಳಾಗಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದವು. ಫಾಂಟ್ ಇಲ್ಲದಾಗ ಅಡಿಯ ಇಂಗ್ಲಿಷ್ ಕಾಣುತ್ತದೆ. ಕನ್ವರ್ಟರಿಗೆ ಹಾಕಿದರೆ ಯೂನಿಕೋಡ್ ಕನ್ನಡ, ಅಂದರೆ ಈಗಿನ ಫೋನ್, ಕಂಪ್ಯೂಟರ್ ಎಲ್ಲದರಲ್ಲೂ ಓದಲಿಕ್ಕೆ ಆಗುವ ಕನ್ನಡ, ಆಗುತ್ತದೆ. ಒತ್ತಕ್ಷರ ಕೆಲವು ಕಡೆ ತಪ್ಪುತ್ತದೆ, ಕೂತು ತಿದ್ದಬೇಕು. ಮೂಲ ಪತ್ರ ಅಳಿಸಬೇಡಿ, ತಾರೀಕಿನ ಸಾಕ್ಷಿ ಅದೇ. ಪೆನ್‌ಡ್ರೈವಿನಲ್ಲಿ ತನ್ನಿ, ನಾನು ಮಾಡಿಕೊಡುತ್ತೇನೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಪೆರ್ಲದ ಟೀಚರ್:

ಶನಿವಾರ ಬರುತ್ತೇನೆ. ಬೆಳಗ್ಗಿನ ಬಸ್ಸಿಗೆ ಹೊರಟರೆ ಒಂಬತ್ತೂವರೆಗೆ ಕುಂಬಳೆಯಲ್ಲಿ ಇಳಿಯುತ್ತೇನೆ. ಅಂಗಡಿ ಅಷ್ಟೊತ್ತಿಗೆ ತೆರೆದಿರುತ್ತದಾ? ತಿದ್ದುವುದಕ್ಕೆ ನಾನೇ ಕೂರುತ್ತೇನೆ. ಒತ್ತಕ್ಷರ ತಿದ್ದಿ ನನಗೆ ಅಭ್ಯಾಸ ಉಂಟು.