ಹಡಗಿನ ಕ್ಯಾಬಿನ್ ಬಚ್ಚಲಿನ ಸಾಕೆಟ್: ಸಂಜೆ ಚಾರ್ಜ್ ಆಗುವ ಬ್ರಷ್ ರಾತ್ರಿ ಏಕೆ ಆಗುವುದಿಲ್ಲ?

ಕಡಲಹಕ್ಕಿ ಬರೆದದ್ದು:
ಎಲ್ಲರಿಗೂ ನಮಸ್ಕಾರ. ಹನ್ನೆರಡು ದಿನಗಳ ಕ್ರೂಸ್ ಪ್ರಯಾಣದಲ್ಲಿದ್ದೇನೆ, ಇಂದು ಮೂರನೆಯ ರಾತ್ರಿ. ನಮ್ಮ ಕ್ಯಾಬಿನ್ನಿನ ಬಚ್ಚಲಿನಲ್ಲಿ ಕನ್ನಡಿಯ ಪಕ್ಕಕ್ಕೆ ಒಂದೇ ಒಂದು ಸಾಕೆಟ್ ಇದೆ. ಅದರ ಮೇಲೆ ಷೇವರಿನ ಚಿತ್ರವನ್ನೂ 115 ಮತ್ತು 230 ಎಂಬ ಅಂಕಿಗಳನ್ನೂ ಮುದ್ರಿಸಿದ್ದಾರೆ. ಎಲೆಕ್ಟ್ರಿಕ್ ಹಲ್ಲುಜ್ಜುವ ಬ್ರಷ್ಷಿನ ಚಾರ್ಜರನ್ನು ಅದಕ್ಕೆ ಸಿಕ್ಕಿಸಿದರೆ ಸಂಜೆಯ ಹೊತ್ತು ಹಸಿರು ದೀಪ ಮಿನುಗುತ್ತದೆ. ಆದರೆ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆದರೆ ಬ್ರಷ್ ನಾಲ್ಕು ಸುತ್ತು ತಿರುಗಿ ನಿಂತುಬಿಡುತ್ತದೆ. ನಿನ್ನೆ ಕೂದಲು ನೇರ ಮಾಡುವ ಸಣ್ಣ ಸ್ಟ್ರೇಟ್ನರನ್ನೂ ಅದೇ ಸಾಕೆಟ್ಟಿಗೆ ಹಾಕಿ ನೋಡಿದೆ. ಅದು ಬೆಚ್ಚಗಾಗುವ ಮೊದಲೇ ಸಾಕೆಟ್ ಪೂರ್ತಿ ಸತ್ತುಹೋಯಿತು. ದಂಡ ಕಟ್ಟಬೇಕಾದೀತೆಂದು ಹೆದರಿಕೊಂಡು ಕುಳಿತಿದ್ದಾಗ, ಎರಡು ಗಂಟೆಯ ನಂತರ ಅದು ತಾನಾಗಿಯೇ ಸರಿಯಾಯಿತು.

ಜೊತೆಗೆ ಇನ್ನೊಂದು ತೊಂದರೆ. ಜೊತೆಯಲ್ಲಿರುವ ಅಮ್ಮನಿಗೆ ಎಪ್ಪತ್ತು ದಾಟಿದೆ. ರಾತ್ರಿ ಬಚ್ಚಲಿಗೆ ಹೋಗಲು ಸಣ್ಣ ಬೆಳಕು ಬೇಕು. ದೊಡ್ಡ ದೀಪ ಹಾಕಿದರೆ ಅವರಿಗೆ ಮತ್ತೆ ನಿದ್ದೆ ಹತ್ತುವುದಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ರಾತ್ರಿದೀಪವನ್ನು ತಂದಿದ್ದರೂ ಅದರ ಪಿನ್ನುಗಳು ಈ ಸಾಕೆಟ್ಟಿಗೆ ಹೊಂದುತ್ತಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸನ್ನು ಹಡಗು ಹತ್ತುವಾಗಲೇ ತಪಾಸಣೆಯವರು ತೆಗೆದಿರಿಸಿಕೊಂಡರು. ತಿಳಿದವರು ದಾರಿ ತೋರಿಸಬೇಕೆಂದು ವಿನಂತಿ.

ಮಿತಸಾಮಾನು ಬರೆದದ್ದು:
ಮೊದಲಿಗೆ ಚಾರ್ಜರಿನ ತಳದಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ ನೋಡಿ, ಮೇಡಂ. 220ರಿಂದ 240 ವೋಲ್ಟ್ ಎಂದಷ್ಟೇ ಬರೆದಿದ್ದು, ನೀವು ಅದನ್ನು 115ರ ತೂತುಗಳಿಗೆ ಸಿಕ್ಕಿಸಿದ್ದರೆ ಬ್ರಷ್ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು: 110 ವೋಲ್ಟಿಗೆಂದೇ ಮಾಡಿದ ಚಾರ್ಜರನ್ನು 230ಕ್ಕೆ ಹಾಕಿದರೆ ಅದು ಸುಟ್ಟುಹೋಗಬಹುದು. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ಕಡಲಹಕ್ಕಿ ಬರೆದದ್ದು:
ಓದಿದೆ. 100ರಿಂದ 240 ವೋಲ್ಟ್, 50/60 ಹರ್ಟ್ಸ್, 1.2 ವಾಟ್ ಎಂದಿದೆ. ಹಾಗಾದರೆ ಎರಡೂ ಕಡೆ ನಡೆಯಬೇಕಲ್ಲವೇ?

ಹಳೆಯ ತಂತಿಗಾರ ಬರೆದದ್ದು:
ನಡೆಯಬೇಕು. ಆದ್ದರಿಂದ ವೋಲ್ಟೇಜಿನ ಮಾತನ್ನು ಇಲ್ಲಿಗೆ ಬಿಡೋಣ. ನಾನು ಹಲವು ವರ್ಷ ಹಡಗುಗಳ ವಿದ್ಯುತ್ ವಿಭಾಗದಲ್ಲಿ ಕೆಲಸ ಮಾಡಿದವನು. ನಿಮ್ಮ ಬರಹದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಬೆರೆತುಹೋಗಿವೆ ಎಂದು ನನಗನ್ನಿಸುತ್ತದೆ.

ಸ್ಟ್ರೇಟ್ನರಿನದು ಸುಲಭ. ಷೇವರ್ ಸಾಕೆಟ್ಟಿನ ಹಿಂದೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಡಗಿನ ತಂತಿಯಿಂದ ಬರುವ ವಿದ್ಯುತ್ತು ಅದರ ಒಂದು ಸುರುಳಿಗೆ ಬರುತ್ತದೆ, ಸಾಕೆಟ್ಟಿಗೆ ಹೋಗುವುದು ಇನ್ನೊಂದು ಸುರುಳಿಯಿಂದ. ಎರಡರ ನಡುವೆ ತಂತಿಯ ಸಂಪರ್ಕವೇ ಇಲ್ಲ. ಹೀಗಾಗಿ ಒದ್ದೆ ಕೈಯಲ್ಲಿ ಅಕಸ್ಮಾತ್ತಾಗಿ ಒಂದು ತಂತಿಯನ್ನು ಮುಟ್ಟಿದರೂ ವಿದ್ಯುತ್ತು ನಿಮ್ಮ ಮೈಯ ಮೂಲಕ ಹಡಗಿನ ಉಕ್ಕಿಗೆ ಇಳಿದು ಹಿಂದಿರುಗುವ ದಾರಿ ಇರುವುದಿಲ್ಲ. (ಎರಡೂ ತಂತಿಗಳನ್ನು ಒಟ್ಟಿಗೆ ಮುಟ್ಟಿದರೆ ಈ ರಕ್ಷಣೆ ಇಲ್ಲ, ಅದನ್ನು ಮರೆಯಬಾರದು.) ಇಂಥ ಟ್ರಾನ್ಸ್‌ಫಾರ್ಮರಿನ ಶಕ್ತಿ ಸಾಮಾನ್ಯವಾಗಿ 20ರಿಂದ 50 ವೋಲ್ಟ್-ಆಂಪಿಯರ್ (ಸ್ಥೂಲವಾಗಿ ಅಷ್ಟೇ ವಾಟ್) ಮಾತ್ರ. ಷೇವರಿಗೂ ಬ್ರಷ್ಷಿಗೂ ಅದು ಧಾರಾಳವಾಯಿತು. ಆದರೆ ಬಿಸಿಯಾಗುವುದೇ ಕೆಲಸವಾಗಿರುವ ಯಾವ ಉಪಕರಣವೂ ಇದರ ಲೆಕ್ಕಕ್ಕೆ ಹತ್ತಿರ ಬರುವುದಿಲ್ಲ; ಹೇರ್ ಡ್ರೈಯರ್ ಒಂದೇ 1200 ವಾಟ್ ಮೀರುತ್ತದೆ. ಹೊರೆ ಹೆಚ್ಚಾದಾಗ ಒಳಗಿನ ತಾಪರಕ್ಷಕ ಸಾಕೆಟ್ಟನ್ನು ಕಡಿದುಹಾಕಿ, ತಣ್ಣಗಾದ ಮೇಲೆ ತಾನೇ ಮತ್ತೆ ಜೋಡಿಸುತ್ತದೆ. ನಿಮ್ಮ ಸಾಕೆಟ್ ಕೆಟ್ಟಿರಲಿಲ್ಲ, ದಣಿದಿತ್ತು. ಸ್ಟ್ರೇಟ್ನರನ್ನು ಕೋಣೆಯ ಮೇಜಿನ ಸಾಕೆಟ್ಟಿನಲ್ಲಿ ಬಳಸಿ. ಹೇರ್ ಡ್ರೈಯರ್ ಬೇಕಿದ್ದರೆ ಮೇಜಿನ ಖಾನೆಯನ್ನು ಎಳೆದು ನೋಡಿ, ಹಡಗಿನದೇ ಒಂದು ಅಲ್ಲಿರುವ ಸಾಧ್ಯತೆ ಹೆಚ್ಚು.

ಬ್ರಷ್ಷಿನದು ಬೇರೆ ಕಥೆ. ರಾತ್ರಿ ಮಲಗುವಾಗ ಬಚ್ಚಲಿನ ದೀಪವನ್ನು ಆರಿಸುತ್ತೀರಲ್ಲವೇ? ಚಾರ್ಜರನ್ನು ಸಿಕ್ಕಿಸಿ, ಹಸಿರು ದೀಪ ಮಿನುಗುತ್ತಿರುವಾಗ ಬಚ್ಚಲಿನ ದೀಪವನ್ನು ಆರಿಸಿ, ಬಾಗಿಲ ಸಂದಿಯಿಂದ ಏನಾಗುತ್ತದೆಂದು ನೋಡಿ. ಆಮೇಲೆ ದೀಪವನ್ನು ಮತ್ತೆ ಹಾಕಿ, ಕ್ಯಾಬಿನ್ ಬಾಗಿಲ ಬಳಿಯ ಖಾನೆಯಿಂದ ಕಾರ್ಡನ್ನು (ಕೋಣೆಯ ವಿದ್ಯುತ್ತು ಚಾಲೂ ಇರಲು ಅಲ್ಲಿ ಸಿಕ್ಕಿಸಿಡುವ ಕೀಲಿ ಕಾರ್ಡು) ತೆಗೆದು ಇನ್ನೊಮ್ಮೆ ನೋಡಿ. ಎರಡು ಪರೀಕ್ಷೆಗಳನ್ನೂ ಬೇರೆ ಬೇರೆಯಾಗಿಯೇ ಮಾಡಬೇಕು.

ಕಡಲಹಕ್ಕಿ ಬರೆದದ್ದು:
ಮಾಡಿದೆ. ಬಚ್ಚಲಿನ ದೀಪವನ್ನು ಆರಿಸಿದ ಕ್ಷಣವೇ ಹಸಿರು ದೀಪವೂ ಆರಿತು! ಕಾರ್ಡನ್ನು ತೆಗೆದಾಗ ತಕ್ಷಣ ಏನೂ ಆಗಲಿಲ್ಲ. ಒಂದು ನಿಮಿಷದ ಬಳಿಕ ಕ್ಯಾಬಿನ್ನಿನ ಎಲ್ಲ ದೀಪಗಳ ಜೊತೆಗೆ ಅದೂ ಹೋಯಿತು. ಮೂರು ರಾತ್ರಿ ನಾನು ಬ್ರಷ್ಷನ್ನು ಸತ್ತ ಸಾಕೆಟ್ಟಿನ ಮೇಲೆ ನಿಲ್ಲಿಸಿ ಮಲಗಿದ್ದೆನೆಂದಾಯಿತು.

ಹಳೆಯ ತಂತಿಗಾರ ಬರೆದದ್ದು:
ಅನುಮಾನ ಸರಿಯಾಯಿತು. ಕನ್ನಡಿಯ ದೀಪವೂ ಷೇವರ್ ಸಾಕೆಟ್ಟೂ ಒಂದೇ ಸ್ವಿಚ್ಚಿನ ಹಿಂದೆ ಇವೆ. ಎಲ್ಲ ಹಡಗುಗಳಲ್ಲಿಯೂ ಹೀಗಿರುವುದಿಲ್ಲ. ಕೆಲವು ಕಡೆ ಸಾಕೆಟ್ ಸದಾ ಜೀವಂತವಾಗಿರುತ್ತದೆ. ಬ್ರಷ್ಷಿನ ಚಾರ್ಜರಿನಲ್ಲಿ ವಿದ್ಯುತ್ತು ಲೋಹದ ಸಂಪರ್ಕವಿಲ್ಲದೆ ಕಾಂತಕ್ಷೇತ್ರದ ಮೂಲಕ ದಾಟುವುದರಿಂದ ಅದು ನಿಧಾನದ ಕೆಲಸ, ಬರಿದಾದ ಬ್ರಷ್ ಪೂರ್ತಿ ತುಂಬಲು ಹನ್ನೆರಡು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಸಂಜೆಯ ಅರ್ಧ ಗಂಟೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದು ಗುಟುಕು ಅಷ್ಟೇ.

ರಾತ್ರಿಯಿಡೀ ಬಚ್ಚಲಿನ ದೀಪವನ್ನು ಉರಿಸುವ ಬದಲು ಚಾರ್ಜರನ್ನು ಕೋಣೆಯ ಮೇಜಿಗೆ ಒಯ್ಯಿರಿ. ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಒಂದು ವಾರವಾದರೂ ಬರುತ್ತದೆ. ಹಗಲು ಹೊರಗೆ ಹೋಗುವಾಗ ಕಾರ್ಡನ್ನು ತೆಗೆದರೆ ಮೇಜಿನ ಸಾಕೆಟ್ಟೂ ಸತ್ತೀತು, ಆದ್ದರಿಂದ ರಾತ್ರಿಯೇ ವಾಸಿ.

ಕಡಲಹಕ್ಕಿ ಬರೆದದ್ದು:
ಅಲ್ಲಿಯೂ ಒಂದು ತೊಡಕಿದೆ, ಸರ್. ಚಾರ್ಜರಿನ ಎರಡು ಉರುಟು ಪಿನ್ನುಗಳು ಬಚ್ಚಲಿನ ಸಾಕೆಟ್ಟಿಗೆ ಸಲೀಸಾಗಿ ಹೋಗುತ್ತವೆ, ಮೇಜಿನ ಎರಡು ತೂತಿನ ಸಾಕೆಟ್ಟಿಗೆ ಹೋಗುವುದಿಲ್ಲ. ಬಚ್ಚಲಿಗೆ ಒಯ್ದದ್ದೇ ಈ ಕಾರಣಕ್ಕೆ.

ಮಿತಸಾಮಾನು ಬರೆದದ್ದು:
ನಿಮ್ಮದು ಬ್ರಿಟಿಷ್ ಮಾದರಿಯ ಷೇವರ್ ಪ್ಲಗ್ ಇರಬೇಕು. ಅದರ ಪಿನ್ನುಗಳು 5 ಮಿಲಿಮೀಟರ್ ದಪ್ಪ, ಅವುಗಳ ನಡುವಿನ ಅಂತರ ಸುಮಾರು 16.6 ಮಿಲಿಮೀಟರ್. ಯುರೋಪಿನ ಎರಡು ಪಿನ್ನಿನ ಸಣ್ಣ ಪ್ಲಗ್ಗಿನಲ್ಲಿ ದಪ್ಪ 4, ಅಂತರ ಸುಮಾರು 19. ಷೇವರ್ ಸಾಕೆಟ್ಟನ್ನು ಹಲವು ಮಾದರಿಗಳಿಗೆ ಹೊಂದುವಂತೆ ಮಾಡಿರುತ್ತಾರೆ, ಕೋಣೆಯ ಸಾಕೆಟ್ಟಿಗೆ ಆ ಔದಾರ್ಯವಿಲ್ಲ. ಒತ್ತಿ ತುರುಕಬೇಡಿ, ತೂತು ಸಡಿಲವಾದರೆ ಮುಂದೆ ಕಿಡಿ ಹಾರುತ್ತದೆ. ಸ್ವಾಗತ ಕೌಂಟರಿನಲ್ಲಿ ಷೇವರ್ ಪ್ಲಗ್ಗಿನ ಅಡಾಪ್ಟರ್ ಕೇಳಿದರೆ ಕೊಡುವ ಸಂಭವವಿದೆ.

ರಾತ್ರಿದೀಪಕ್ಕೆ ಪ್ಲಗ್ಗಿನ ಹಂಗೇ ಬೇಡ. ಬ್ಯಾಟರಿಯಿಂದ ನಡೆಯುವ, ಯಾರಾದರೂ ಓಡಾಡಿದಾಗ ಮಾತ್ರ ಹತ್ತಿಕೊಳ್ಳುವ ಸಣ್ಣ ಎಲ್‌ಇಡಿ ದೀಪಗಳು ಸಿಗುತ್ತವೆ, ಕೆಲವಕ್ಕೆ ಬೆನ್ನಿಗೆ ಅಯಸ್ಕಾಂತವೂ ಇರುತ್ತದೆ. ಕ್ಯಾಬಿನ್ನಿನ ಗೋಡೆಗಳು ಹೆಚ್ಚಾಗಿ ಉಕ್ಕಿನ ತಗಡಿನವಾದ್ದರಿಂದ ಎಲ್ಲಿ ಬೇಕಾದರೂ ಅಂಟಿಸಬಹುದು. ಬಿಳಿಗಿಂತ ಹಳದಿ ಬೆಳಕಿನದನ್ನು ಆರಿಸಿ, ಕಣ್ಣಿಗೆ ಚುಚ್ಚುವುದಿಲ್ಲ.

ಪ್ರಶ್ನಾರ್ಥಕ ಬರೆದದ್ದು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮನೆಯಲ್ಲಿ ನಿರಾತಂಕವಾಗಿ ಬಳಸುವ ಎಕ್ಸ್‌ಟೆನ್ಷನ್ ಬಾಕ್ಸ್ ಹಡಗಿನಲ್ಲಿ ಏಕೆ ಅಪರಾಧವಾಗಬೇಕು? ನನ್ನ ಬಾಕ್ಸಿನಲ್ಲಿ ಸರ್ಜ್ ರಕ್ಷಣೆಯೂ (ವೋಲ್ಟೇಜ್ ಹಠಾತ್ತನೆ ಏರಿದಾಗ ಉಪಕರಣಗಳನ್ನು ಕಾಪಾಡುವ ವ್ಯವಸ್ಥೆ) ಇತ್ತು, ಅಂದರೆ ಹೆಚ್ಚು ಸುರಕ್ಷಿತವೇ ಅಲ್ಲವೇ?

ಹಳೆಯ ತಂತಿಗಾರ ಬರೆದದ್ದು:
ಆ ಸರ್ಜ್ ರಕ್ಷಣೆಯೇ ಹಡಗಿನಲ್ಲಿ ದೊಡ್ಡ ದೋಷ. ನೆಲದ ಮೇಲಿನ ಮನೆಗಳಲ್ಲಿ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್, ಅದು ಭೂಮಿಗೆ ಜೋಡಿಸಲ್ಪಟ್ಟಿರುತ್ತದೆ. ಹಲವು ಹಡಗುಗಳಲ್ಲಿ ಹಾಗಲ್ಲ: ಯಾವುದೋ ಒಂದು ಕಡೆ ತಂತಿ ಹಡಗಿನ ಮೈಗೆ ತಗುಲಿದರೂ ಅಗತ್ಯದ ಯಂತ್ರಗಳು ನಿಲ್ಲಬಾರದೆಂದು ಇಡೀ ವ್ಯವಸ್ಥೆಯನ್ನು ಉಕ್ಕಿನ ಒಡಲಿನಿಂದ ಬೇರ್ಪಡಿಸಿಟ್ಟಿರುತ್ತಾರೆ, ಹೀಗಾಗಿ ಎರಡೂ ತಂತಿಗಳಲ್ಲಿ ಜೀವವಿರುತ್ತದೆ. ಸರ್ಜ್ ರಕ್ಷಕದ ಒಳಗಿನ ಭಾಗಗಳು ತಂತಿಗೂ ಅರ್ಥಿಂಗಿಗೂ ನಡುವೆ ಸೇತುವೆಯಂತೆ ಕೂತಿರುತ್ತವೆ. ಹಡಗಿನಲ್ಲಿ ಬೇರೆಲ್ಲೋ ದೋಷ ಉಂಟಾದಾಗ ಆ ಸೇತುವೆಯ ಮೂಲಕ ವಿದ್ಯುತ್ತು ಹರಿದು ಬಾಕ್ಸ್ ಬಿಸಿಯಾಗುತ್ತದೆ. ಬಾಕ್ಸಿನ ಸ್ವಿಚ್ಚು ಒಂದು ತಂತಿಯನ್ನಷ್ಟೇ ಕಡಿಯುವುದರಿಂದ ಇನ್ನೊಂದರಲ್ಲಿ ಹರಿವು ನಿಲ್ಲುವುದಿಲ್ಲ. ಅಮೆರಿಕದ ಕರಾವಳಿ ರಕ್ಷಣಾ ಪಡೆ 2013ರಲ್ಲಿ ಈ ವಿಷಯದ ಬಗ್ಗೆಯೇ ಸುರಕ್ಷತಾ ಎಚ್ಚರಿಕೆಯೊಂದನ್ನು ಹೊರಡಿಸಿತು. ಇನ್ನು ರಕ್ಷಣೆಯಿಲ್ಲದ ಬರಿಯ ಬಾಕ್ಸಿನ ತಕರಾರು ಹೊರೆಯದು: ಒಂದು ಸಾಕೆಟ್ಟಿಗೆ ಐದು ಉಪಕರಣ. ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಕೆಟಲನ್ನೂ ಬಿಡದಿರುವುದು ಬೆಂಕಿಯ ಭಯಕ್ಕೆ. ನಡುಗಡಲಿನಲ್ಲಿ ಅಗ್ನಿಶಾಮಕ ವಾಹನ ಬರುವುದಿಲ್ಲ.

ಕಡಲಹಕ್ಕಿ ಬರೆದದ್ದು:
ಐದನೆಯ ದಿನದ ವರದಿ. ಕೌಂಟರಿನಲ್ಲಿ ಅಡಾಪ್ಟರ್ ಸಿಕ್ಕಿತು, ಬ್ರಷ್ ಮೇಜಿನ ಮೇಲೆ ಒಂದೇ ರಾತ್ರಿಯಲ್ಲಿ ತುಂಬಿತು. ನಿನ್ನೆ ಬಂದರಿನಲ್ಲಿ ಇಳಿದಾಗ ಅಯಸ್ಕಾಂತದ ದೀಪವನ್ನೂ ಕೊಂಡೆ. ಕೋಣೆಯ ಗೋಡೆಗೆ ಗಟ್ಟಿಯಾಗಿ ಹಿಡಿಯುತ್ತದೆ, ಬಚ್ಚಲಿನ ಗೋಡೆಗೆ ಇಟ್ಟರೆ ಮಾತ್ರ ಜಾರಿ ಬೀಳುತ್ತದೆ.

ಹಳೆಯ ತಂತಿಗಾರ ಬರೆದದ್ದು:
ಕೆಲವು ಹಡಗುಗಳಲ್ಲಿ ಬಚ್ಚಲನ್ನು ಕಾರ್ಖಾನೆಯಲ್ಲಿಯೇ ಇಡಿಯಾಗಿ ತಯಾರಿಸಿ ತಂದು ಕೂರಿಸಿರುತ್ತಾರೆ, ಅದರ ಗೋಡೆ ಫೈಬರ್‌ಗ್ಲಾಸಿನದಾಗಿದ್ದರೆ ಅಯಸ್ಕಾಂತ ಹಿಡಿಯುವುದಿಲ್ಲ. ದೀಪವನ್ನು ಒಳಗೆ ಇಡಲೇಬೇಕೆಂದಿಲ್ಲ. ಬಚ್ಚಲಿನ ಬಾಗಿಲ ಹೊರಗೆ, ಮೊಣಕಾಲಿನ ಎತ್ತರದಲ್ಲಿ, ಬೆಳಕು ಹೊಸ್ತಿಲಿನ ಮೇಲೆ ಬೀಳುವಂತೆ ಅಂಟಿಸಿ. ಹಡಗಿನ ಬಚ್ಚಲಿನ ಹೊಸ್ತಿಲು ಎತ್ತರವಾಗಿರುತ್ತದೆ, ನಿದ್ದೆಗಣ್ಣಿನಲ್ಲಿ ಕಾಲು ಎಡವುವುದು ಅಲ್ಲಿಯೇ.

ಕಡಲಹಕ್ಕಿ ಬರೆದದ್ದು:
ಹಾಗೆಯೇ ಅಂಟಿಸಿದೆ. ಅಮ್ಮ ನಿನ್ನೆ ರಾತ್ರಿ ಎರಡು ಬಾರಿ ಎದ್ದು ಹೋಗಿ ಬಂದರಂತೆ, ನನಗೆ ಎಚ್ಚರವಾಗಲಿಲ್ಲ. ದೀಪದಿಂದಲ್ಲ, ಫ್ಲಶ್ ಮಾಡಿದಾಗ ಗಾಳಿ ಎಳೆದುಕೊಳ್ಳುವ ಆ ಭಯಂಕರ ಸದ್ದಿನಿಂದ ಎದ್ದಿದ್ದೆ ಮೊದಲ ದಿನಗಳಲ್ಲಿ. ಮುಚ್ಚಳ ಮುಚ್ಚಿ ಗುಂಡಿ ಒತ್ತಿದರೆ ಸದ್ದು ಅರ್ಧಕ್ಕೆ ಇಳಿಯುತ್ತದೆಂದು ಕ್ಯಾಬಿನ್ ನೋಡಿಕೊಳ್ಳುವವರು ಹೇಳಿಕೊಟ್ಟರು. ಸಮಸ್ಯೆ ಪರಿಹಾರವಾಗಿದೆ ಎಂದು ಗುರುತು ಹಾಕುತ್ತಿದ್ದೇನೆ.