ಮೈಲುತುತ್ತು ಗಿಡವಾಯಿತು, ಉಪ್ಪು ಯಾಕೆ ಕರಗಿ ಹೋಯಿತು?

ಪ್ರಶ್ನೆ (ಹೈಸ್ಕೂಲ್ ವಿಜ್ಞಾನ ಮೇಷ್ಟ್ರು): ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಮೈಲುತುತ್ತಿನ (ಕಾಪರ್ ಸಲ್ಫೇಟ್) ಹರಳು ಹಾಕಿ ಮಕ್ಕಳಿಗೆ ಕೆಮಿಕಲ್ ಗಾರ್ಡನ್, ಅಂದರೆ ಹರಳಿನಿಂದ ಗಿಡದ ಥರ ಕೊಳವೆ ಬೆಳೆಯುವ ಆಟ, ತೋರಿಸಿದೆ. ಚೆನ್ನಾಗಿಯೇ ಬೆಳೆಯಿತು. ಅಷ್ಟರಲ್ಲಿ ಒಬ್ಬ ಹುಡುಗ ಅಡುಗೆ ಉಪ್ಪಿನ ಹರಳು ಹಾಕಿದ, ಅದು ಸುಮ್ನೆ ಕರಗಿ ಹೋಯಿತು. ಇನ್ನೊಬ್ಬಳು ಮೈಲುತುತ್ತನ್ನು ನೀರಲ್ಲಿ ಕರಗಿಸಿ ಸುರಿದಳು. ಗಿಡ ಬರಲಿಲ್ಲ, ಒಡೆದ ಹಾಲಿನ ಥರ ನೀಲಿ ಗಸಿ ಆಯಿತು. ‘ಕಾಪರ್ ಸಿಲಿಕೇಟ್ ಆಗುತ್ತೆ’ ಅಂದುಬಿಟ್ಟೆ, ಆದರೆ ನನಗೇ ಸಮಾಧಾನ ಇಲ್ಲ. ಒಳಗೆ ನಿಜವಾಗಿ ಏನು ನಡೆಯುತ್ತೆ?

ಉತ್ತರ (ಕೆಮಿಸ್ಟ್, ನೀರು ಶುದ್ಧೀಕರಣದ ಕೆಲಸ): ಮೇಷ್ಟ್ರೇ, ನಿಮ್ಮ ಮಕ್ಕಳು ಮಾಡಿದ ಎರಡು ‘ತಪ್ಪು’ಗಳಲ್ಲೇ ಉತ್ತರ ಇದೆ.

ಸೋಡಿಯಂ ಸಿಲಿಕೇಟ್ ದ್ರಾವಣದ ಪಿಎಚ್ (ಹುಳಿ–ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) 11ರಿಂದ 12ರ ಆಸುಪಾಸು. ಅಷ್ಟು ಕ್ಷಾರದಲ್ಲಿ ತಾಮ್ರ, ಕಬ್ಬಿಣ, ನಿಕಲ್ ಇವೆಲ್ಲ ಬಿಡಿ ಅಯಾನುಗಳಾಗಿ (ವಿದ್ಯುದಂಶ ಹೊತ್ತ ಕಣಗಳಾಗಿ) ಉಳಿಯುವುದೇ ಇಲ್ಲ, ಸಿಲಿಕೇಟ್ ಕೈ ಹಾಕುವ ಮೊದಲೇ ಹೈಡ್ರಾಕ್ಸೈಡ್ ಹಿಡಿದುಕೊಂಡಿರುತ್ತೆ. ಸಿಲಿಕೇಟ್ ಬಂದು ಆ ಹೈಡ್ರಾಕ್ಸೈಡಿನ ಮೈಗೆ ಅಂಟಿಕೊಳ್ಳುತ್ತೆ, ಸಿಲಿಕಾನ್–ಆಕ್ಸಿಜನ್–ಲೋಹ ಅಂತ ಕೊಂಡಿ ಬೀಳುತ್ತೆ. ಜೊತೆಗೆ ಇನ್ನೊಂದು ಕೆಲಸ ನಡೆಯುತ್ತೆ. ಮೈಲುತುತ್ತಿನ ನೀರು ಹುಳಿ ಗುಣದ್ದು, ಅಲ್ವಾ? ಅದು ತಾಗಿದ ಕಡೆ ಪಿಎಚ್ ಇಳಿದು ಸಿಲಿಕೇಟ್ ತಾನೇ ಒಂದಕ್ಕೊಂದು ಕೂಡಿಕೊಂಡು ಸಿಲಿಕಾ ಜೆಲ್ ಆಗುತ್ತೆ. ಅದಕ್ಕೇ ಆ ಗೋಡೆಯ ಒಳಮೈಯಲ್ಲಿ ಲೋಹದ ಹೈಡ್ರಾಕ್ಸೈಡ್ ಜಾಸ್ತಿ, ಹೊರಮೈಯಲ್ಲಿ ಸಿಲಿಕಾ ಜಾಸ್ತಿ. ‘ಕಾಪರ್ ಸಿಲಿಕೇಟ್’ ಅನ್ನೋ ಒಂದೇ ಹೆಸರು ಅದಕ್ಕೆ ಸರಿಹೊಂದಲ್ಲ.

ಮುಂದಿನ ಸಲ ಭೂತಗನ್ನಡಿ ಹಿಡಿದು ಹರಳನ್ನೇ ನೋಡಿ. ಹಾಕಿದ ಕೂಡಲೇ ಸುತ್ತ ತೆಳ್ಳಗೆ ಒಂದು ಪೊರೆ ಬರುತ್ತೆ. ಪೊರೆಯ ಒಳಗೆ ಮೈಲುತುತ್ತಿನ ಗಟ್ಟಿ ದ್ರಾವಣ, ಹಾಗಾಗಿ ಹೊರಗಿನ ನೀರು ಒಳಕ್ಕೆ ನುಗ್ಗುತ್ತೆ. ಪೊರೆ ಉಬ್ಬಿ ಉಬ್ಬಿ ಒಂದು ಕಡೆ ಪಟ್ಟನೆ ಬಿರಿಯುತ್ತೆ. ಒಳಗಿನ ದ್ರಾವಣ ಸಿಲಿಕೇಟಿಗಿಂತ ಹಗುರ, ಅದಕ್ಕೇ ದಾರದ ಥರ ಮೇಲಕ್ಕೇ ಚಿಮ್ಮುತ್ತೆ, ಚಿಮ್ಮಿದಷ್ಟಕ್ಕೂ ಸುತ್ತ ಮತ್ತೆ ಗೋಡೆ ಕಟ್ಟುತ್ತೆ. ಕೆಲವೊಮ್ಮೆ ತುದಿಯಲ್ಲಿ ಒಂದು ಗಾಳಿಗುಳ್ಳೆ ಕೂತು ಕೊಳವೆಯನ್ನು ನೆಟ್ಟಗೆ ಎಳೆದುಕೊಂಡು ಹೋಗುತ್ತೆ, ನನಗೆ ಅದನ್ನು ನೋಡೋದೇ ಇಷ್ಟ.

ಆ ಹುಡುಗಿ ಕರಗಿಸಿ ಸುರಿದಾಗ ಒಳಗೆ–ಹೊರಗೆ ಅನ್ನೋದೇ ಇರಲಿಲ್ಲ, ಎಲ್ಲ ಕಡೆ ಒಟ್ಟಿಗೇ ಗಸಿ. ರಾಸಾಯನಿಕ ಕ್ರಿಯೆ ಒಂದೇ, ಪೊರೆ ಕಟ್ಟಲು ಜಾಗ ಸಿಗಲಿಲ್ಲ ಅಷ್ಟೇ. ಉಪ್ಪಿನ ಕಥೆ ಇನ್ನೂ ಸುಲಭ: ಸೋಡಿಯಂನ ಹೈಡ್ರಾಕ್ಸೈಡೂ ಕರಗುತ್ತೆ, ಸಿಲಿಕೇಟೂ ಕರಗುತ್ತೆ, ಮತ್ತೆ ಗೋಡೆ ಎಲ್ಲಿಂದ ಬರಬೇಕು? ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಬಿಳಿ ಗಿಡ ಬರುತ್ತೆ. ಫೆರಿಕ್ ಕ್ಲೋರೈಡ್ ಆದರೆ ಕಂದು.

ಗ್ಲೌಬರ್ ಅನ್ನೋ ರಸಾಯನಜ್ಞ ಈ ಆಟವನ್ನು 1646ರಲ್ಲೇ ಬರೆದಿಟ್ಟಿದ್ದ. ಕೋಬಾಲ್ಟ್, ನಿಕಲ್ ಉಪ್ಪು ಚೆಂದ ಕಾಣುತ್ತೆ, ಆದರೆ ವಿಷ, ಮಕ್ಕಳ ಕೈಗೆ ಬೇಡ. ಸಿಲಿಕೇಟ್ ಕಣ್ಣಿಗೂ ಕೆಟ್ಟದ್ದು, ಕನ್ನಡಕ ಹಾಕಿಸಿ. ಜಾಡಿಯನ್ನು ಅವತ್ತೇ ತೊಳೆಯಿರಿ, ಒಣಗಿದರೆ ಗಾಜಿಗೆ ಗಾಜೇ ಅಂಟಿದ ಹಾಗೆ.

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ): ಸರ್, ಅಮೋನಿಯಾ ಜಾಸ್ತಿ ಹಾಕಿದರೆ ತಾಮ್ರದ ಗಸಿ ಮತ್ತೆ ಕರಗಿ ಕಡು ನೀಲಿ ಆಗುತ್ತಲ್ಲ. ಸಿಲಿಕೇಟ್ ಜಾಸ್ತಿ ಹಾಕಿದರೆ ಹಾಗೆ ಆಗಲ್ವಾ?

ಉತ್ತರ: ಆ ಥರ ಆಗಲ್ಲ. ಅಮೋನಿಯಾ ತಾಮ್ರದ ಅಯಾನನ್ನು ಒಂದೊಂದಾಗಿ ಸುತ್ತುವರಿದು ನೀರಿಗೆ ಒಯ್ಯುತ್ತೆ. ಸಿಲಿಕೇಟ್ ಗುಂಪು ಕಟ್ಟುವ ಜಾತಿ. ಆದರೆ ಒಂದು ಮೋಸದ ಸಂದರ್ಭ ಇದೆ, ನಮ್ಮ ಕೆಲಸದಲ್ಲೇ ಬರುತ್ತೆ. ಬೋರ್‌ವೆಲ್ ನೀರಿನ ಕಬ್ಬಿಣ ಗಾಳಿ ತಾಗುವ ಮೊದಲೇ ಕ್ಲೋರಿನ್ ಮತ್ತು ಸ್ವಲ್ಪ ಸಿಲಿಕೇಟ್ ಒಟ್ಟಿಗೆ ಕೊಟ್ಟರೆ ನೀರು ಕೆಂಪಾಗಲ್ಲ. ಕಬ್ಬಿಣ ಕರಗಿದೆ ಅಂದುಕೊಳ್ತಾರೆ. ಇಲ್ಲ, ತುಕ್ಕಿನ ಕಣಗಳು ಹುಟ್ಟಿವೆ, ಸಿಲಿಕೇಟ್ ಮೈಗೆ ಮೆತ್ತಿಕೊಂಡು ಅವನ್ನು ದಪ್ಪ ಆಗಲು ಬಿಟ್ಟಿಲ್ಲ, ಅಷ್ಟೇ. ನೀರು ಗಡಸಾಗಿದ್ದರೆ ಈ ಉಪಾಯ ಅಷ್ಟಾಗಿ ನಡೆಯಲ್ಲ. ಕಬ್ಬಿಣ ಹೋಗಿಲ್ಲ, ಅಡಗಿದೆ. ‘ಕಬ್ಬಿಣ ತೆಗೆಯುತ್ತೆ’ ಅಂತ ಇದನ್ನು ಮಾರುವವರನ್ನು ನಂಬಬೇಡಿ.

ಪ್ರಶ್ನೆ (ಇನ್ನೊಬ್ಬರು): ಅಲ್ಯೂಮಿನಿಯಂ ಕೂಡ ಹೀಗೇನಾ?

ಉತ್ತರ: ಅದರ ದಾರಿಯೇ ಬೇರೆ. ಜಾಸ್ತಿ ಕ್ಷಾರದಲ್ಲಿ ಅಲ್ಯೂಮಿನಿಯಂ ಗಸಿಯಾಗಿ ಕೂರದೆ ಅಲ್ಯುಮಿನೇಟ್ ಆಗಿ ಕರಗಿಬಿಡುತ್ತೆ, ಸಿಲಿಕೇಟ್ ಸಿಕ್ಕರೆ ಅದರ ಸರಪಳಿಯೊಳಗೇ ಸೇರಿಕೊಂಡು ಸೋಡಿಯಂ ಅಲ್ಯುಮಿನೋಸಿಲಿಕೇಟ್ ಆಗಿ ಕೆಳಗಿಳಿಯುತ್ತೆ. ಬೆಳಗಾವಿಯಲ್ಲಿ ಅಲ್ಯುಮಿನಾ ಕಾರ್ಖಾನೆ ಇದೆಯಲ್ಲ, ಅಂಥ ಕಡೆ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ತೆಗೆಯಲು ಬಾಕ್ಸೈಟ್ ಅನ್ನೋ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸುತ್ತಾರೆ. ಬೇಯರ್ ಅನ್ನೋ ರಸಾಯನಜ್ಞ 1888ರಲ್ಲಿ ಪೇಟೆಂಟ್ ಮಾಡಿದ ವಿಧಾನ. ಅದಿರಿನ ಜೇಡಿಮಣ್ಣಿನಿಂದ ಸಿಲಿಕಾ ಕರಗಿ ಬಂದರೆ ಅದು ಸೋಡಾವನ್ನೂ ಅಲ್ಯುಮಿನಾವನ್ನೂ ಹಿಡಿದುಕೊಂಡು ಕೆಂಪು ಕೆಸರಿಗೆ (ಅದಿರಿನ ಕರಗದ ಉಳಿಕೆಗೆ) ಇಳಿಯುತ್ತೆ, ಉಳಿದದ್ದು ಪೈಪಿನ ಒಳಗೆ ಕಲ್ಲಾಗಿ ಕೂರುತ್ತೆ. ಅದಕ್ಕೇ ಅಲ್ಲಿ ಮೊದಲೇ ಗಂಟೆಗಟ್ಟಲೆ ಬಿಸಿಯಲ್ಲಿಟ್ಟು ಆ ಗಸಿಯನ್ನು ಬೇಕಂತಲೇ ಇಳಿಸುತ್ತಾರೆ.

ಮೇಷ್ಟ್ರು: ಸೋಮವಾರ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ನೋಡ್ತೀವಿ. ಸಿಲಿಕೇಟಿಗೆ ಎಷ್ಟು ನೀರು ಬೆರೆಸಲಿ?

ಉತ್ತರ: ಒಂದು ಪಾಲಿಗೆ ಮೂರ್ನಾಲ್ಕು ಪಾಲು. ಹರಳು ಹಾಕಿದ ಮೇಲೆ ಜಾಡಿ ಅಲ್ಲಾಡಿಸಬೇಡಿ.